ಬೇಹಿಗೆ ನಾವು, ಪಂಕ್ತಿಗೆ ಅವರು

೧

ನಮ್ಮ ಮುತ್ತಜ್ಜ ಊರ ತೋಟಿಯಾಗಿದ್ದ. ಊರಿನ ಗಡಿಕಲ್ಲು ಎಲ್ಲೆಲ್ಲಿ ಹೂತಿವೆ, ಯಾವ ಹಳ್ಳವನ್ನು ಯಾವ ತಿಂಗಳು ಎಲ್ಲಿ ದಾಟಬಹುದು, ಯಾರ ಬದುವನ್ನು ಯಾರು ಒತ್ತಿದ್ದಾರೆ, ಹೊಸ ಮುಖವೊಂದು ಊರ ಸುತ್ತ ಯಾಕೆ ಸುಳಿಯುತ್ತಿದೆ, ಇದೆಲ್ಲಾ ಅವನ ಕಣ್ಣಲ್ಲಿತ್ತು. ಅಮಲ್ದಾರ ಬಂದರೆ ಕುದುರೆಯ ಮುಂದೆ ಓಡಿ ದಾರಿ ತೋರಿಸೋನು ಅವನು. ಗಡಿ ತಕರಾರು ಬಂದರೆ ಅವನ ಬಾಯಿಮಾತೇ ಸಾಕ್ಷಿ. ಇಡೀ ಊರಿಗೆ ಅವನು ಕಣ್ಣು. ಆದರೆ ಅಮಲ್ದಾರ ಚಾವಡಿ ಹತ್ತಿದ ಮೇಲೆ, ದಾರಿ ತೋರಿಸಿದವನು ಕೆಳಗೆ ಬಿಸಿಲಲ್ಲಿ ನಿಲ್ಲಬೇಕು. ನೀರು ಬೇಕಾದರೆ ಬೊಗಸೆ ಒಡ್ಡಬೇಕು. ಈ ಚಾಕರಿಯನ್ನು ೧೯೬೧ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾನೂನು ತೆಗೆದುಹಾಕಿತು. ಅಜ್ಜಿ ಹೇಳುವ ಕತೆಯಿಂದ ಮಾತ್ರ ಅದು ಇನ್ನೂ ಹೋಗಿಲ್ಲ.

ಬೇಹಿನ ಬಗ್ಗೆ ಬರೆಯಬೇಕು ಅಂತ ಕೂತಾಗ ನಮಗೆ ಮೊದಲು ನೆನಪಾದವನು ಈ ಮುತ್ತಜ್ಜ. ಯುದ್ಧದಲ್ಲಿ ಸೈನ್ಯಕ್ಕಿಂತ ಮುಂದೆ ಹೋಗಿ ಶತ್ರು ಎಲ್ಲಿದ್ದಾನೆ ಅಂತ ನೋಡಿ ಬರುವವನು ಬೇಹುಗಾರ. ಆಟದಲ್ಲಿ ಊರೂರು ತಿರುಗಿ ಯಾವ ಹುಡುಗಿಯ ಕಾಲಲ್ಲಿ ಓಟವಿದೆ, ಯಾವ ಹುಡುಗನ ಕೈಯಲ್ಲಿ ಚೆಂಡು ತಿರುಗುತ್ತದೆ ಅಂತ ಹುಡುಕುವವನೂ ಒಬ್ಬ ಬೇಹುಗಾರನೇ. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಹೆಸರು, ಸ್ಕೌಟ್. ನಮ್ಮ ಸರ್ಕಾರದ ಭಾಷೆಯಲ್ಲಿ ಎರಡನೆಯದಕ್ಕೆ ‘ಪ್ರತಿಭಾನ್ವೇಷಣೆ’ ಅಂತ ಭಾರವಾದ ಹೆಸರಿದೆ. ಹೆಸರು ಏನೇ ಇರಲಿ, ಯುದ್ಧದ ಬೇಹಿನಲ್ಲಿ ನಮ್ಮವರು ನೋಡುವವರು, ಆಟದ ಬೇಹಿನಲ್ಲಿ ನಮ್ಮವರು ನೋಡಿಸಿಕೊಳ್ಳುವವರು. ಎರಡೂ ಮುಗಿದ ಮೇಲೆ ನಮ್ಮವರು ನಿಲ್ಲುವ ಜಾಗ ಮಾತ್ರ ಒಂದೇ. ಚಾವಡಿಯ ಕೆಳಗೆ.

ಆದ್ದರಿಂದ ಬೇಹಿನ ಯಾವ ಕಾವ್ಯ, ಯಾವ ಚರಿತ್ರೆ, ಯಾವ ಸಿನಿಮಾ ನಮ್ಮ ಮುಂದೆ ಬಂದರೂ ಮೂರು ಪ್ರಶ್ನೆ ಕೇಳಬೇಕು ಅಂತ ನಮಗನ್ನಿಸುತ್ತದೆ. ನೋಡಿದವರು ಯಾರು? ನೋಡಿದ್ದು ಯಾರ ಲಾಭಕ್ಕೆ? ಕೆಲಸ ಮುಗಿದ ಮೇಲೆ ಅವರನ್ನು ಎಲ್ಲಿ ಕೂರಿಸಿದರು? ರಸ, ಧ್ವನಿ, ಔಚಿತ್ಯದ ಚರ್ಚೆ ಆಮೇಲೆ ಬರಲಿ.

೨

ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅಂದಿನಿಂದ ನಮ್ಮ ಪಂಡಿತರು ಆ ಪುಸ್ತಕದ ಗೂಢಚಾರ ವ್ಯವಸ್ಥೆಯನ್ನು ಹೊಗಳಿ ಹೊಗಳಿ ದಣಿದಿದ್ದಾರೆ. ಸನ್ಯಾಸಿಯ ವೇಷದ ಬೇಹುಗಾರ, ವ್ಯಾಪಾರಿಯ ವೇಷದ ಬೇಹುಗಾರ, ಭಿಕ್ಷುಕಿ, ವಿಷ ಹಾಕುವವನು, ಹೀಗೆ ದೊಡ್ಡ ಪಟ್ಟಿಯೇ ಅದರಲ್ಲಿದೆ. ಪಂಡಿತರು ನಿಂತು ಓದದ ಎರಡು ಮಾತು ಅದೇ ಪುಸ್ತಕದ ಎರಡನೆಯ ಅಧಿಕರಣದಲ್ಲಿವೆ. ಮೊದಲ ಅಧ್ಯಾಯದಲ್ಲಿ ಗಡಿಯ ಕೋಟೆಗಳ ನಡುವಿನ ಕಾಡು ಮೇಡನ್ನು ಬಲೆಗಾರರು, ಶಬರರು, ಪುಳಿಂದರು, ಚಂಡಾಲರು ಕಾಯಬೇಕು ಅಂತ ಹೇಳಿದೆ. ನಾಲ್ಕನೆಯ ಅಧ್ಯಾಯದಲ್ಲಿ ಚಂಡಾಲರ ವಾಸ ಸ್ಮಶಾನದ ಅಂಚಿನಲ್ಲಿ ಅಂತ ಹೇಳಿದೆ. ಒಂದೇ ಕೈ ಬರೆದದ್ದು, ನಡುವೆ ಮೂರು ಅಧ್ಯಾಯದ ದೂರ. ರಾಜ್ಯದ ಅಂಚಿನಲ್ಲಿ ನಿಂತು ಕಾಯಿ, ಊರಿನ ಅಂಚಿನಲ್ಲಿ ಹೆಣದ ಪಕ್ಕ ಮಲಗು! ಇನ್ನೂ ಮುಂದೆ ಹೋದರೆ, ನಾಯಿ ಕಟ್ಟಿಕೊಂಡು ತಿರುಗುವ ಬೇಟೆಗಾರರು ಕಳ್ಳರನ್ನೋ ಶತ್ರುಗಳನ್ನೋ ಕಂಡರೆ ಮರ, ಗುಡ್ಡ ಹತ್ತಿ ಅಡಗಿ ಶಂಖವನ್ನೋ ನಗಾರಿಯನ್ನೋ ಬಾರಿಸಬೇಕು ಅಂತ ಇದೆ. ನಮ್ಮ ಮುತ್ತಜ್ಜನ ಕೂಗಿಗೆ ಎಷ್ಟು ಹಳೆಯ ಶಾಸ್ತ್ರಾಧಾರ ನೋಡಿ.

ಶಾಸ್ತ್ರದಿಂದ ಕಾವ್ಯಕ್ಕೆ ಬರೋಣ. ಕುರುಕ್ಷೇತ್ರದ ಹದಿನೆಂಟನೆಯ ದಿನ. ದುರ್ಯೋಧನ ಕೊಳದ ನೀರಿನಲ್ಲಿ ಅಡಗಿದ್ದಾನೆ. ಪಾಂಡವರ ಬೇಹುಗಾರರು ನಾಲ್ಕು ದಿಕ್ಕು ಹುಡುಕಿ ಬರಿಗೈಯಲ್ಲಿ ವಾಪಸು ಬಂದರು. ಅವನನ್ನು ಪತ್ತೆ ಮಾಡಿದವರು ಭೀಮನಿಗೆ ದಿನಾ ಮಾಂಸ ಹೊತ್ತು ತರುತ್ತಿದ್ದ ಬೇಡರು. ಹೊರೆ ಇಳಿಸಿ ನೀರು ಕುಡಿಯಲು ಕೊಳಕ್ಕೆ ಬಂದವರ ಕಿವಿಗೆ ಅಶ್ವತ್ಥಾಮ ಮೊದಲಾದವರು ನೀರೊಳಗಿನ ರಾಜನ ಜೊತೆ ಆಡುತ್ತಿದ್ದ ಮಾತು ಬಿತ್ತು. ಅವರು ಹೋಗಿ ಹೇಳದಿದ್ದರೆ ಗದಾಯುದ್ಧವೇ ಇಲ್ಲ. ಹದಿನೆಂಟು ಅಕ್ಷೋಹಿಣಿಯ ಯುದ್ಧ ಮುಗಿದದ್ದು ಮಾಂಸ ಹೊರುವವರ ಸುದ್ದಿಯಿಂದ! ಭೀಮ ಅವರಿಗೆ ಹಣ ಕೊಟ್ಟ, ಹೌದು. ಆದರೆ ಅವರ ಹೆಸರು? ಕುದುರೆಗಳಿಗೆ, ಶಂಖಗಳಿಗೆ, ಬಿಲ್ಲುಗಳಿಗೆ ಹೆಸರಿಟ್ಟ ಕಾವ್ಯ ಇದು. ಅರ್ಜುನನ ಶಂಖ ದೇವದತ್ತ, ಭೀಮನದು ಪೌಂಡ್ರ. ಯುದ್ಧ ಮುಗಿಸಿಕೊಟ್ಟ ಬೇಡರಿಗೆ ಹೆಸರಿಲ್ಲ.

ಹೆಸರು ಸಿಕ್ಕಿದ ಇನ್ನೊಬ್ಬನ ಗತಿ ಏನಾಯಿತು ಅಂತ ನಮಗೆಲ್ಲ ಗೊತ್ತು. ಏಕಲವ್ಯನ ಕತೆಯನ್ನು ಗುರುಭಕ್ತಿಯ ಕತೆ ಅಂತ ಪಾಠ ಮಾಡುತ್ತಾ ಬಂದಿದ್ದಾರೆ. ನಾವು ಅದನ್ನು ಬೇಹಿನ ಕತೆಯಾಗಿ ಓದುತ್ತೇವೆ. ಪಾಂಡವರು ಬೇಟೆಗೆ ಹೋದರು, ಜೊತೆಗೊಂದು ನಾಯಿ. ನಾಯಿ ಕಾಡಿನಲ್ಲಿ ಮುಂದೆ ಹೋಗಿ, ಕಪ್ಪು ಮೈಯ, ಜಡೆಗಟ್ಟಿದ ಕೂದಲಿನ ನಿಷಾದನನ್ನು ಕಂಡು ಬೊಗಳಿತು. ಆ ಮೈಬಣ್ಣ ಕಂಡರೆ ಬೊಗಳಬೇಕು ಅಂತ ಆ ನಾಯಿಗೆ ಕಲಿಸಿದವರು ಯಾರು? ನಿಷಾದ ಅದರ ಬಾಯಿಗೆ ಏಳು ಬಾಣ ತುಂಬಿದ. ನಾಯಿ ಹಾಗೇ ವಾಪಸು ಬಂದು ತನ್ನ ಬಾಯನ್ನೇ ವರದಿಯಾಗಿ ಒಪ್ಪಿಸಿತು. ರಾಜಕುಮಾರರು ಬೆರಗಾದರು, ಹುಡುಕಿದರು, ಕಂಡರು, ಕುಲ ಗುರು ವಿಚಾರಿಸಿದರು, ಹೋಗಿ ದ್ರೋಣನಿಗೆ ಹೇಳಿದರು. ಪ್ರತಿಭಾನ್ವೇಷಣೆ ಅಂದರೆ ಇದೇ ಅಲ್ಲವೆ? ಸುದ್ದಿ ಮುಟ್ಟಿದ ಮೇಲೆ ಗುರು ತಾನೇ ಕಾಡಿಗೆ ಬಂದ. ಹಿಂದೆ ಈ ಹುಡುಗನೇ ಬಾಗಿಲಿಗೆ ಹೋಗಿ ಕೇಳಿದಾಗ ಕಣ್ಣೆತ್ತಿ ನೋಡಿರಲಿಲ್ಲ. ಈಗ ಬಂದದ್ದು ಕರೆದುಕೊಂಡು ಹೋಗಿ ಅರ್ಜುನನ ಪಕ್ಕ ನಿಲ್ಲಿಸುವುದಕ್ಕಲ್ಲ, ಬಲಗೈ ಹೆಬ್ಬೆರಳಿಗೆ.

ಕುವೆಂಪು ೧೯೪೭ರಲ್ಲಿ ಇದೇ ವಸ್ತುವಿನ ಮೇಲೆ ‘ಬೆರಳ್‌ಗೆ ಕೊರಳ್’ ನಾಟಕ ಬರೆದರು. ಕತ್ತರಿಸಿದ ಬೆರಳಿಗೆ ಲೆಕ್ಕ ಕೇಳುವ ದನಿ ಅದರ ಹೆಸರಿನಲ್ಲೇ ಇದೆ. ಶೂದ್ರ ಪ್ರತಿಭೆ ಮಾತ್ರ ಕೇಳಬಹುದಾದ ಲೆಕ್ಕ ಅದು, ನಮಗೆ ಅದರ ಬಗ್ಗೆ ಗೌರವವಿದೆ. ಆದರೆ ನಮ್ಮ ಪ್ರಶ್ನೆ ಬೆರಳು ಬೀಳುವುದಕ್ಕಿಂತ ಮುಂಚಿನದು. ದ್ರೋಣನ ಕತ್ತನ್ನು ಕೇಳಿದರೆ ಮುಗಿಯಲಿಲ್ಲ. ನಾಯಿ ಕಟ್ಟಿಕೊಂಡು ಕಾಡಿಗೆ ಬರುವ, ಕಂಡು ಬೆರಗಾಗುವ, ಮೆಚ್ಚಿದ ಬಾಯಲ್ಲೇ ಹೋಗಿ ಚಾಡಿ ಹೇಳುವ ಆ ಕಣ್ಣನ್ನು ಏನು ಮಾಡೋಣ? ಅದು ಇನ್ನೂ ತಿರುಗುತ್ತಲೇ ಇದೆ.

೩

ಚರಿತ್ರೆಯಲ್ಲಿ ಆ ಕಣ್ಣು ಖಾಕಿ ಹಾಕಿಕೊಂಡು ಬಂತು. ಬ್ರಿಟಿಷರ ಬೊಂಬಾಯಿ ಸೈನ್ಯಕ್ಕೆ ಮಹಾರರು ಬೇಕಾಗಿದ್ದರು. ೧೮೧೮ರ ಜನವರಿ ಒಂದರಂದು ಕೋರೇಗಾಂವ್‌ನಲ್ಲಿ ಅವರು ಪೇಶ್ವೆಯ ಸೈನ್ಯವನ್ನು ತಡೆದು ನಿಂತರು, ಸತ್ತವರ ಹೆಸರು ಕಂಬದ ಮೇಲಿದೆ. ಆಮೇಲೆ ಸೈನ್ಯದ ದೊರೆಗಳಿಗೆ ಹೊಸ ಶಾಸ್ತ್ರವೊಂದು ಹೊಳೆಯಿತು. ಕೆಲವು ಜಾತಿ ಹುಟ್ಟಿನಿಂದ ವೀರರದು, ಕೆಲವು ಅಲ್ಲ ಅನ್ನೋ ಶಾಸ್ತ್ರ. ದೇಶದ ಉದ್ದಗಲ ತಿರುಗಿ ಯಾರ ಮೈಕಟ್ಟು ಹೇಗೆ, ಯಾರ ಕುಲ ಯಾವುದು ಅಂತ ಬರೆದುಕೊಂಡು ಕೈಪಿಡಿ ಮಾಡಿದರು. ಮನುಸ್ಮೃತಿಗೆ ಇಂಗ್ಲಿಷ್ ಅನುವಾದ ಇದ್ದಂತೆ ಇವು. ೧೮೯೨ರಲ್ಲಿ ಮಹಾರರ ಭರ್ತಿ ನಿಂತಿತು. ಮೊದಲ ಮಹಾಯುದ್ಧದಲ್ಲಿ ಜನ ಸಾಲದೆ ಬಂದಾಗ ೧೯೧೭ರಲ್ಲಿ ಮತ್ತೆ ಕರೆದು ಒಂದು ಪಡೆ ಕಟ್ಟಿದರು, ಯುದ್ಧ ಮುಗಿದ ಮೇಲೆ ಅದನ್ನು ಬರಖಾಸ್ತು ಮಾಡಿದರು. ಎರಡನೆಯ ಯುದ್ಧ ಬಂದಾಗ ೧೯೪೧ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಎದ್ದಿತು. ಬೇಕಾದಾಗ ವೀರರು, ಬೇಡವಾದಾಗ ಹೊಲೆಯರು. ನಮ್ಮ ಧೈರ್ಯದ ಏರಿಳಿತವನ್ನು ಅವರ ಅಗತ್ಯ ಅಳೆಯಿತು.

ಮಹಾರರ ಭರ್ತಿ ನಿಂತ ಕಾಲದಲ್ಲೇ, ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಒಬ್ಬ ಹುಡುಗ ತಿಂಗಳಿಗೆ ನಾಲ್ಕು ರೂಪಾಯಿಗೆ ಪಿಚ್ಚಿನ ಮೇಲೆ ರೋಲರ್ ಎಳೆಯುತ್ತಿದ್ದ. ಹೆಸರು ಪಲವಂಕರ್ ಬಾಲೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಜಾತಿ ಚಮ್ಮಾರರದು, ತಂದೆ ಸೈನ್ಯದ ಕೆಲಸದವರು. ಇಂಗ್ಲಿಷ್ ಆಟಗಾರ ಗ್ರೇಗ್‌ಗೆ ಅಭ್ಯಾಸಕ್ಕೆ ಚೆಂಡು ಎಸೆಯಲು ಒಂದು ಕೈ ಬೇಕಿತ್ತು. ಬಾಲೂ ಎಸೆದ. ದಿನಕ್ಕೆ ಗಂಟೆಗಟ್ಟಲೆ, ವರ್ಷಗಟ್ಟಲೆ ಎಸೆದ. ತನ್ನನ್ನು ಔಟ್ ಮಾಡಿದಾಗಲೆಲ್ಲ ಗ್ರೇಗ್ ಎಂಟಾಣೆ ಕೊಡುತ್ತಿದ್ದ ಅಂತ ಜನ ಹೇಳುತ್ತಾ ಬಂದಿದ್ದಾರೆ. ಚೆಂಡು ಎಸೆಯುವುದಕ್ಕೆ ಎಂಟಾಣೆ ಇತ್ತು. ಬ್ಯಾಟು ಹಿಡಿಯುವುದು ಆ ಕೈಗೆ ದಕ್ಕಲಿಲ್ಲ.

ಪುಣೆಯ ಹಿಂದೂಗಳಿಗೆ ಬಿಳಿಯರನ್ನು ಸೋಲಿಸಬೇಕಿತ್ತು, ಅದಕ್ಕೆ ಬಾಲೂ ಬೇಕಿತ್ತು. ಸೇರಿಸಿಕೊಳ್ಳಬೇಕೋ ಬೇಡವೋ ಅಂತ ದೊಡ್ಡ ಚರ್ಚೆ ನಡೆದು ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚೆಂಡಿನ ಮೇಲಿದ್ದದ್ದು ಚರ್ಮ, ಚರ್ಮದ ಕೆಲಸ ಯಾರದು ಅಂತ ಆಗ ಯಾರೂ ಕೇಳಲಿಲ್ಲ. ಚಹಾದ ಹೊತ್ತಿಗೆ ಮಾತ್ರ ಅವನಿಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ಮೇಜು. ಮುತ್ತಜ್ಜನ ಚಾವಡಿ ಇದೇ ಅಲ್ಲವೆ? ೧೯೦೬ರಲ್ಲಿ ಬೊಂಬಾಯಿಯಲ್ಲಿ ಹಿಂದೂಗಳು ಯುರೋಪಿಯನ್ನರನ್ನು ೧೦೯ ರನ್ನುಗಳಿಂದ ಸೋಲಿಸಿದಾಗ ಬಾಲೂ ಆ ತಂಡದಲ್ಲಿದ್ದ. ೧೯೧೧ರಲ್ಲಿ ಪಟಿಯಾಲದ ಮಹಾರಾಜನ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ೧೧೪ ವಿಕೆಟ್ ಕಿತ್ತ. ಇಷ್ಟಾದರೂ ಹಿಂದೂಗಳ ತಂಡಕ್ಕೆ ಅವನು ನಾಯಕನಾಗಲಿಲ್ಲ.

ಇಲ್ಲಿ ಒಂದು ಮಾತು ಎದುರಾಗುತ್ತದೆ. ಗ್ರೇಗ್ ನೋಡದಿದ್ದರೆ ಬಾಲೂ ಸಾಯುವ ತನಕ ರೋಲರ್ ಎಳೆಯುತ್ತಿದ್ದ, ಕಂಡದ್ದಕ್ಕಾದರೂ ಕೃತಜ್ಞತೆ ಬೇಡವೆ ಅಂತ ನಮ್ಮ ಗೆಳೆಯರೇ ಕೇಳುತ್ತಾರೆ. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಕಂಡದ್ದರಿಂದ ಸಿಕ್ಕಿದ್ದು ಕೆಲಸ, ಜಾಗ ಅಲ್ಲ. ಜಾಗ ಸಿಕ್ಕಿದ್ದು ಬೇರೆ ರೀತಿಯಲ್ಲಿ. ೧೯೨೦ರಲ್ಲಿ ಬಾಲೂವನ್ನು ಕೈಬಿಟ್ಟು, ನಾಯಕತ್ವಕ್ಕೆ ಅವನ ತಮ್ಮಂದಿರನ್ನು ದಾಟಿ ಬೇರೆಯವರನ್ನು ಆರಿಸಿದಾಗ, ಶಿವರಾಮ ಮತ್ತು ವಿಠಲ ‘ನಾವು ಆಡೋದಿಲ್ಲ’ ಅಂತ ಬಹಿರಂಗ ಹೇಳಿಕೆ ಕೊಟ್ಟು ಹೊರಗೆ ಬಂದರು. ಆಗ ತಂಡದವರಿಗೆ ಬಿಸಿ ಮುಟ್ಟಿತು, ಬಾಲೂ ಉಪನಾಯಕನಾದ. ೧೯೨೩ರಲ್ಲಿ ವಿಠಲ ನಾಯಕನಾದ. ಗ್ರೇಗ್‌ನ ಕಣ್ಣು ಕೊಡದೇ ಇದ್ದದ್ದನ್ನು ತಮ್ಮಂದಿರ ನಿರಾಕರಣೆ ಕೊಟ್ಟಿತು. ಇದನ್ನು ನಾವು ಮರೆಯಬಾರದು.

ಬಾಲೂವಿನ ಮೇಲೆ ಇನ್ನೊಂದು ಸಾರಿ ಬೇಹಿನ ಕಣ್ಣು ಬಿತ್ತು. ೧೯೩೭ರ ಚುನಾವಣೆಯಲ್ಲಿ ಬೊಂಬಾಯಿಯಲ್ಲಿ ಬಾಬಾಸಾಹೇಬರ ಎದುರು ನಿಲ್ಲಿಸಲು ಕಾಂಗ್ರೆಸ್ಸಿಗೆ ಹೆಸರುವಾಸಿಯಾದ ಒಬ್ಬ ಅಸ್ಪೃಶ್ಯ ಬೇಕಾಗಿದ್ದ. ಬಾಲೂ ನಿಂತ, ಸೋತ. ಆ ಹಿರಿಯನನ್ನು ಬೈಯುವುದು ಸುಲಭ. ನಮಗೆ ಬೈಯಲು ಬಾಯಿ ಬರುವುದಿಲ್ಲ. ಒಬ್ಬನ ಕೈಯನ್ನು ಮತ್ತೊಬ್ಬರ ಗೆಲುವಿಗೆ ಜೀವನವಿಡೀ ಬಳಸಿದವರು ಕೊನೆಗೆ ಅವನ ಹೆಸರನ್ನೂ ಬಳಸಿದರು ಅಂತಷ್ಟೇ ಹೇಳುತ್ತೇವೆ.

೪

೨೦೦೧ರಲ್ಲಿ ‘ಲಗಾನ್’ ಸಿನಿಮಾ ಬಂತು. ನಾವು ಹುಟ್ಟಿದ ಹೊತ್ತಿಗೆ ಬಂದ ಈ ಸಿನಿಮಾವನ್ನು ಹಾಸ್ಟೆಲಿನ ಟೀವಿಯಲ್ಲಿ ನೋಡಿ ನಾವೂ ಶಿಳ್ಳೆ ಹಾಕಿದವರೇ. ಮತ್ತೆ ನೋಡಿದಾಗ ಶಿಳ್ಳೆ ಗಂಟಲಲ್ಲಿ ಸಿಕ್ಕಿಕೊಂಡಿತು. ಕತೆ ನಡೆಯುವುದು ೧೮೯೩ರಲ್ಲಿ, ಬಾಲೂ ನಿಜವಾಗಿ ಪುಣೆಯಲ್ಲಿ ಚೆಂಡು ಎಸೆಯುತ್ತಿದ್ದ ಕಾಲ. ಇಡೀ ಸಿನಿಮಾ ಒಂದು ಬೇಹಿನ ಕತೆ. ಭುವನ್ ಊರಿನಲ್ಲಿ ಯಾರ ಮೈಯಲ್ಲಿ ಯಾವ ಆಟವಿದೆ ಅಂತ ಹುಡುಕುತ್ತಾ ಹೋಗುತ್ತಾನೆ. ಲಾಖಾ ಅನ್ನೋ ಸೌದೆ ಕಡಿಯುವವನು ರಾತ್ರಿ ಹೊತ್ತು ಕ್ಯಾಪ್ಟನ್ ರಸೆಲ್‌ಗೆ ಸುದ್ದಿ ಮುಟ್ಟಿಸುತ್ತಾನೆ. ಆಟದ ಬೇಹು, ಯುದ್ಧದ ಬೇಹು ಎರಡೂ ಒಂದೇ ಊರಿನಲ್ಲಿ.

ಅಸ್ಪೃಶ್ಯ ಕಚ್ರಾ ದೂರದಲ್ಲಿ ನಿಂತಿದ್ದಾನೆ. ಅವನ ಹೆಸರಿನ ಅರ್ಥ ಕಸ. ಚೆಂಡು ಅವನತ್ತ ಉರುಳುತ್ತದೆ, ಅವನು ಎಸೆಯುತ್ತಾನೆ, ಚೆಂಡು ತಿರುಗುತ್ತದೆ. ಯಾಕೆ ತಿರುಗಿತು? ಅವನ ಕೈ ಊನ, ಅದಕ್ಕೆ! ಬಾಲೂ ಬಿಸಿಲಲ್ಲಿ ವರ್ಷಗಟ್ಟಲೆ ಎಸೆದು ಬೆರಳು ಸವೆಸಿ ಕಲಿತ ವಿದ್ಯೆಯನ್ನು ಈ ಸಿನಿಮಾ ಒಂದು ಅಂಗವೈಕಲ್ಯ ಮಾಡಿಬಿಟ್ಟಿತು. ನಮ್ಮವನ ಬುದ್ಧಿ, ಅಭ್ಯಾಸ, ಹಟ ಯಾವುದೂ ಬೇಕಾಗಲಿಲ್ಲ, ವಿಧಿ ಕೊಟ್ಟ ಸೊಟ್ಟ ಕೈ ಸಾಕಾಯಿತು. ಊರವರು ಮೂಗು ಮುರಿದಾಗ ಜಾತಿಯ ವಿರುದ್ಧ ದೊಡ್ಡ ಭಾಷಣ ಬರುತ್ತದೆ. ಭಾಷಣ ಭುವನ್‌ನದು. ಕಚ್ರಾ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿರುತ್ತಾನೆ.

ಈಗ ಲಾಖಾನನ್ನು ನೋಡಿ. ಊರಿಗೆ ದ್ರೋಹ ಮಾಡಿದ ಅವನಿಗೆ ಪ್ರೇಮವಿದೆ, ಹೊಟ್ಟೆಕಿಚ್ಚಿದೆ, ಪಶ್ಚಾತ್ತಾಪವಿದೆ, ತಪ್ಪು ತೊಳೆದುಕೊಳ್ಳಲು ಒಂದು ಕ್ಯಾಚಿದೆ. ಅಂದರೆ ಅವನೊಬ್ಬ ಪೂರ್ತಿ ಮನುಷ್ಯ. ಯಾವ ತಪ್ಪನ್ನೂ ಮಾಡದ ಕಚ್ರಾನಿಗೆ ಒಂದು ಪ್ರೇಮ, ಒಂದು ಸಿಟ್ಟು ಕೂಡ ಇಲ್ಲ. ಕೊನೆಯ ಓವರಿನಲ್ಲಿ ಅವನು ಒಂದು ರನ್ನು ಓಡಿ ಭುವನ್‌ಗೆ ಬ್ಯಾಟು ಬಿಟ್ಟುಕೊಡುತ್ತಾನೆ, ಭುವನ್ ಸಿಕ್ಸರ್ ಹೊಡೆಯುತ್ತಾನೆ. ಲಗಾನ್ ಮಾಫಿಯಾಯಿತು, ಮಳೆ ಬಂತು. ಮಾರನೇ ದಿನ ಕಚ್ರಾ ಊರ ಬಾವಿಯಲ್ಲಿ ನೀರು ಸೇದಿದನೆ? ಕ್ಯಾಮೆರಾ ಆ ಬಾವಿಯ ಹತ್ತಿರ ಹೋಗುವುದಿಲ್ಲ. ನಮ್ಮ ಮೂರನೆಯ ಪ್ರಶ್ನೆಗೆ ಈ ಸಿನಿಮಾದಲ್ಲಿ ಉತ್ತರವಿಲ್ಲ.

೫

ಸಿನಿಮಾ ಬಿಡಿ, ನಮ್ಮದೇ ಉತ್ತರ ಕನ್ನಡದಲ್ಲಿ ನಡೆದದ್ದನ್ನು ನೋಡೋಣ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಯರಿದ್ದಾರೆ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು. ೧೯೮೦ರ ದಶಕದಲ್ಲಿ ಭಾರತ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆಯ ಕಣ್ಣು ಇವರ ಮೇಲೆ ಬಿತ್ತು. ಒಲಿಂಪಿಕ್ಸಿನಲ್ಲಿ ಕಪ್ಪು ಜನ ಓಡಿ ಗೆಲ್ಲುತ್ತಾರೆ, ಇವರೂ ಕಪ್ಪು, ಆದ್ದರಿಂದ ಇವರೂ ಗೆಲ್ಲಬೇಕು ಅನ್ನೋದು ಲೆಕ್ಕ. ಮೈಕಟ್ಟು ನೋಡಿ ವೀರ ಜಾತಿ ಆರಿಸಿದ ಆ ಹಳೆಯ ಕೈಪಿಡಿಯೇ ಇದು, ಹೊಸ ರಟ್ಟು ಹಾಕಿಕೊಂಡು ಬಂದಿತ್ತು. ಮಕ್ಕಳನ್ನು ಕಾಡಿನಿಂದ ಕರೆದುಕೊಂಡು ಹೋಗಿ ತರಬೇತಿಗೆ ಹಾಕಿದರು. ಮಕ್ಕಳು ಓಡಿದರು, ದೇಶಕ್ಕೆ ಪದಕ ತಂದವರೂ ಇದ್ದಾರೆ. ಆದರೆ ೧೯೯೦ರ ದಶಕದ ಮೊದಲ ವರ್ಷಗಳಲ್ಲೇ ಸಿದ್ದಿಯರಿಗಾಗಿ ಮಾಡಿದ್ದ ಆ ಏರ್ಪಾಡು ನಿಂತುಹೋಯಿತು. ಕೆಲವರು ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದರು. ಉಳಿದವರು ಬೂಟು ಕಳಚಿ ಊರಿಗೆ ಬಂದು ಕೂಲಿಗೆ ಹೋದರು. ಅದೇ ಸಿದ್ದಿಯರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲು ಸರ್ಕಾರಕ್ಕೆ ೨೦೦೩ ಆಗಬೇಕಾಯಿತು. ಕಾಲು ಕಂಡ ಸರ್ಕಾರಕ್ಕೆ ಹೊಟ್ಟೆ ಕಾಣಲು ಅಷ್ಟು ವರ್ಷ ಬೇಕಾಯಿತು.

೬

ಇದನ್ನೆಲ್ಲ ಒಂದು ಸಾಹಿತ್ಯ ಪತ್ರಿಕೆಯಲ್ಲಿ ಯಾಕೆ ಬರೆಯುತ್ತಿದ್ದೇವೆ ಅಂತ ಕೇಳಬಹುದು. ಸಾಹಿತ್ಯದಲ್ಲೂ ಬೇಹು ನಡೆಯುತ್ತಿದೆ, ಅದಕ್ಕೆ.

ಮೂರು ವರ್ಷದ ಹಿಂದೆ ಒಂದು ಕವಿಗೋಷ್ಠಿಗೆ ನಮ್ಮನ್ನು ಕರೆದರು. ವೇದಿಕೆಯ ಮೇಲೆ ಹಿರಿಯರೊಬ್ಬರು ‘ಹೊಸ ದಲಿತ ಪ್ರತಿಭೆಯೊಂದನ್ನು ನಾವು ಕಂಡುಹಿಡಿದಿದ್ದೇವೆ’ ಅಂದರು. ಕೊಲಂಬಸ್ ಅಮೆರಿಕಾ ಕಂಡುಹಿಡಿದ ಹಾಗೆ! ನಾವು ಆವತ್ತು ಓದಿದ್ದು ಒಂದು ಪ್ರೇಮದ ಪದ್ಯ. ಕೆಳಗಿಳಿದ ಮೇಲೆ ಅವರು ಹೆಗಲ ಮೇಲೆ ಕೈ ಹಾಕಿ, ‘ಚೆನ್ನಾಗಿದೆ ತಮ್ಮಾ, ಆದರೆ ಇದು ನಿನ್ನದಲ್ಲ, ನಿನ್ನ ಕೇರಿಯ ಹಸಿವನ್ನು ಬರಿ’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಸಿದ್ದಿಯರಲ್ಲಿ ಕಾಲು ಹುಡುಕಿದ ಹಾಗೆ, ಕಚ್ರಾನಲ್ಲಿ ಸೊಟ್ಟ ಕೈ ಹುಡುಕಿದ ಹಾಗೆ, ನಮ್ಮಲ್ಲಿ ಅವರು ಗಾಯ ಹುಡುಕುತ್ತಿದ್ದರು. ಹಸಿವನ್ನು ಬರೆಯುತ್ತೇವೆ, ಯಾಕೆ ಬರೆಯಬಾರದು? ಅದು ನಮ್ಮ ತಾಯಿ ಉಂಡ ಹಸಿವು. ಆದರೆ ಯಾವಾಗ ಬರೆಯಬೇಕು, ಎಷ್ಟು ಬರೆಯಬೇಕು ಅಂತ ಗೆರೆ ಹಾಕುವವರು ಅವರಲ್ಲ. ಪತ್ರಿಕೆಯ ಸಂಪಾದಕ ಮಂಡಲಿ, ಪಠ್ಯಪುಸ್ತಕದ ಸಮಿತಿ, ಬಹುಮಾನದ ತೀರ್ಪುಗಾರರ ಸಾಲು, ಇವು ಇವತ್ತಿನ ಪಂಕ್ತಿಗಳು. ಕಂಡುಹಿಡಿದವರು ನಮ್ಮನ್ನು ಅಲ್ಲಿ ಕೂರಿಸಿದರೋ, ಇಲ್ಲಾ ಮಣ್ಣಿನ ಕುಡಿಕೆ ಕೈಗಿಟ್ಟರೋ? ಲೆಕ್ಕ ಹಾಕಿ ನೋಡಬೇಕು.

ಹಾಗಂತ ಎಲ್ಲಾ ಕಣ್ಣೂ ಒಂದೇ ಅಲ್ಲ. ನಮ್ಮ ಊರ ಶಾಲೆಯಲ್ಲಿ ಒಬ್ಬ ಮೇಷ್ಟ್ರಿದ್ದರು. ಬಾಗಿಲ ಹತ್ತಿರ ಚಪ್ಪಲಿ ಬಿಡುವ ಕಡೆ ಕೂರುತ್ತಿದ್ದ ನಮ್ಮನ್ನು ಒಂದು ದಿನ ಮುಂದಿನ ಮಣೆಗೆ ಕೂರಿಸಿದರು. ಏಳನೇ ಕ್ಲಾಸು ಮುಗಿದ ಮೇಲೆ ಹಾಸ್ಟೆಲಿನ ಅರ್ಜಿ ತಾವೇ ತುಂಬಿ, ನಮ್ಮಪ್ಪನ ಹೆಬ್ಬೆಟ್ಟು ಒತ್ತಿಸಿ, ತಮ್ಮ ಬಸ್ ಚಾರ್ಜಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟು ಬಂದರು. ನಮ್ಮನ್ನು ಕಂಡುಹಿಡಿದೆ ಅಂತ ಅವರು ಎಲ್ಲೂ ಹೇಳಿಕೊಳ್ಳಲಿಲ್ಲ. ದ್ರೋಣ ಹೆಬ್ಬೆರಳು ಕೇಳಿದ, ನಮ್ಮ ಮೇಷ್ಟ್ರೂ ಹೆಬ್ಬೆರಳನ್ನೇ ಕೇಳಿದರು, ಅರ್ಜಿಗೆ ಒತ್ತುವುದಕ್ಕೆ. ನಮ್ಮ ಮನೆಯಲ್ಲಿ ಆ ಹೆಬ್ಬೆಟ್ಟೇ ಕೊನೆಯದು. ಆಮೇಲಿನದೆಲ್ಲ ಸಹಿ.

ಈ ಪತ್ರಿಕೆಯನ್ನು ಓದುವವರಲ್ಲಿ ಹಳ್ಳಿಯ ಮೇಷ್ಟ್ರುಗಳು ಬಹಳ ಮಂದಿ ಇದ್ದೀರಿ. ತಾಲ್ಲೂಕು ಕ್ರೀಡಾಕೂಟಕ್ಕೆ ಕೇರಿಯ ಹುಡುಗಿಯನ್ನು ಓಟಕ್ಕೆ ಆರಿಸುತ್ತೀರಿ, ಶಾಲೆಗೆ ಕಪ್ಪು ಬರುತ್ತದೆ, ಹೆಡ್‌ಮಾಸ್ಟರ ಬೀರುವಿನ ಮೇಲೆ ಕೂರುತ್ತದೆ. ಆ ಹುಡುಗಿ ಎಲ್ಲಿ ಕೂತಳು ಅಂತ ಒಂದು ಸಾರಿ ನೋಡಿ. ಊಟದ ಸಾಲಿನಲ್ಲಿ ಅವಳ ಪಕ್ಕ ಯಾರಿದ್ದರು, ವಾಪಸು ಬಂದ ರಾತ್ರಿ ಮನೆ ತನಕ ಯಾರು ಬಿಟ್ಟರು, ಮುಂದಿನ ವರ್ಷ ಶಾಲೆಯಲ್ಲಿ ಇದ್ದಾಳೋ ಇಲ್ಲಾ ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋದಳೋ ಕೇಳಿ. ಕೂಲಿಗೆ ಹೋಗಿದ್ದರೆ ಆ ಹೊಲದ ತನಕ ನಡೆದುಕೊಂಡು ಹೋಗಿ ಕರೆದುಕೊಂಡು ಬನ್ನಿ. ಕಪ್ಪಿಗೆ ಬೀರು ಇದೆ, ಅವಳಿಗೆ ಮುಂದಿನ ಮಣೆ ಬೇಕು.